ಐದನೆಯ ಜೇಡ

ಐದು ಚಿತ್ರಗಳಲ್ಲಿ ಒಂದು ನಕಲಿ!

ಚಿತ್ರಗಳನ್ನು ಒಯ್ಯಲು ಬೆಂಗಳೂರಿನ ಮ್ಯೂಸಿಯಂನಿಂದ ಬಂದ ಹೆಂಗಸು ಭೂತಗನ್ನಡಿ ಕೆಳಗಿಟ್ಟು ಹಾಗೆಂದಾಗ ಅವುಗಳ ಒಡೆಯ ಜಾಕ್ಸನನ ಮುಖ ಬಿಳಿಚಿತು. ಪರದೇಶದ ಜೇಡಗಳ ಹಳೇ ಚಿತ್ರಗಳವು, ಕೈಯಲ್ಲಿ ಬಣ್ಣ ತುಂಬಿದವು. ಮಿಶನ್ ಕಾಲದ ದೊರೆಸಾನಿಯೊಬ್ಬಳು ಅವನ ಅಜ್ಜನಿಗೆ ಕೊಟ್ಟುಹೋಗಿದ್ದಳು. ಹಕ್ಕಿ ತಿನ್ನುವ ಕರಿ ಜೇಡದ ಜಾಗದಲ್ಲಿ ಈಗ ಕಲರ್ ಜೆರಾಕ್ಸ್ ಇತ್ತು.

"ಹೋದ ವರ್ಷ ಇವಕ್ಕ ಗಾಜಿನ ಕಟ್ಟು ಹಾಕಿದಾಂವ ಭಾಲ್ಕಿ ಜಾವೀದ. ಅವಂದೇ ಕೆಲಸರಿ" ಎಂದು ಜಾಕ್ಸನ ಪೊಲೀಸರಿಗೆ ಹೇಳಿದ.

ಸಂಜೆಯೊಳಗೆ ಜಾವೀದ ಠಾಣೆಯಲ್ಲಿದ್ದ. ಬಡವನ ಮೇಲೆ ಗೂಬೆ ಕೂರಿಸುವುದು ಎಷ್ಟು ಸಲೀಸು!

* * *

ಸಬ್ ಇನ್ಸ್‌ಪೆಕ್ಟರ್ ಪ್ರಣಾಲಿ ಭಾಲ್ಕಿಯ ಜಾವೀದನ ಅಂಗಡಿ ಜಾಲಾಡಿದಳು. ಚಿತ್ರ ಸಿಗಲಿಲ್ಲ. ಸುದ್ದಿ ಕೇಳಿದ ಗಿರಾಕಿಗಳು ಮಾತ್ರ ಕಟ್ಟು ಹಾಕಲು ಕೊಟ್ಟಿದ್ದ ತಮ್ಮ ತಮ್ಮ ಫೋಟೊ ವಾಪಸ್ ಒಯ್ಯಲು ನಿಂತಿದ್ದರು. ಜಾವೀದನ ಹೆಂಡತಿ ನಸ್ರೀನ ತಲೆ ತಗ್ಗಿಸಿ ಒಂದೊಂದೇ ಎತ್ತಿಕೊಡುತ್ತಿದ್ದಳು.

"ಈ ಅಂಟು ಯಾಕ ನೀಲಿ ಐತಿ?" ಪ್ರಣಾಲಿ ಕೇಳಿದಳು.

"ಮೈದಾದಾಗ ಮೈಲುತುತ್ತ ಹಾಕ್ತೇವ್ರಿ ಮೇಡಂ. ಇರುವಿ ಮೂಸೂದಿಲ್ಲ. ನಮ್ಮ ಮಾವನ ಕಾಲದಿಂದ ಹಿಂಗೇ."

* * *

ಬೀದರಿನ ಮೈಲೂರು ಬಡಾವಣೆಯ ಮನೆಯಲ್ಲಿ ಜಾಕ್ಸನನ ತಾಯಿ ರೋಸಮ್ಮ ಚಹಾ ತಂದರು. ಜಾಕ್ಸನ ಬಾಗಿಲ ಬಳಿ ನಿಂತಿದ್ದ. ಪ್ರಣಾಲಿ ಕಟ್ಟುಗಳನ್ನು ಒಂದೊಂದಾಗಿ ತಿರುವಿದಳು. ನಾಲ್ಕರ ಬೆನ್ನಿಗೆ ನೀಲಿ ಅಂಟು. ಜೆರಾಕ್ಸ್ ಇದ್ದ ಐದನೆಯದಕ್ಕೆ ಬಿಳಿ ಅಂಟು, ಅದರ ತುಂಬ ಇರುವೆ. ಇರುವೆಯ ಸಾಲು ಗೋಡೆ ಹಿಡಿದು ಮುಂದೆ ಹೋಗಿ, ಒಬ್ಬ ಹುಡುಗಿಯ ಫೋಟೊದ ಹಿಂದೆ ನುಗ್ಗಿತ್ತು.

"ಈ ಹುಡುಗಿ ಯಾರ್ರಿ?"

"ನಮ್ಮ ಹಿರೀ ಮಗಳು ನಿಸ್ಸಿ. ಜಾಕ್ಸನ ಹುಟ್ಟೂಕಿಂತ ಮೊದಲ ಜ್ವರ ಬಂದು ತೀರಿಹೋದಳು."

ಪ್ರಣಾಲಿ ಫೋಟೊ ಇಳಿಸಿದಳು. ರೋಸಮ್ಮ ಅಡ್ಡ ಬಂದರು. "ಬಿಚ್ಚಬ್ಯಾಡ್ರೀ…"

ಫೋಟೊದ ಹಿಂದೆ ಕರಿ ಜೇಡದ ಚಿತ್ರವಿತ್ತು. ಜೇಡದ ಎಂಟೂ ಕಾಲಿಗೆ ಕೆಂಪು ಬಣ್ಣ ಮೆತ್ತಿತ್ತು. ಪ್ರಣಾಲಿ ರೋಸಮ್ಮನತ್ತ ತಿರುಗಿದಳು.

"ಆ ಜೆರಾಕ್ಸಿಗೂ ಈ ಫೋಟೊಕ್ಕೂ ಅಡಿಗಿಮನಿ ಮೈದಾ ಅಂಟು ಹಚ್ಚೀರಿ. ಜಾಕ್ಸನ ಔರಾದ ಸಾಲಿ ಮಾಸ್ತರ, ರವಿವಾರ ಅಷ್ಟ ಬರ್ತಾರ; ಮನ್ಯಾಗ ಇರೋರು ನೀವೊಬ್ಬರ. ಮತ್ತ ಕಳ್ಳ ಆಗಿದ್ರ, ಚಲೋ ನಾಲ್ಕು ಬಿಟ್ಟು ಕೆಂಪು ಕಲಿ ಬಿದ್ದದ್ದು ಯಾಕ ಒಯ್ತಿದ್ದ?"

"ಅದು ಕಲಿ ಅಲ್ರಿ!" ರೋಸಮ್ಮ ಅಳುತ್ತ ಕೂತುಬಿಟ್ಟರು. "ಜೇಡಕ್ಕ ಬಳಿ ಇಲ್ಲಂತ ನನ್ನ ಕೂಸು ನಿಸ್ಸಿ ಕೆಂಪು ಬಣ್ಣದಾಗ ಬಳಿ ತೊಡಿಸಿತ್ತು. ಮ್ಯೂಸಿಯಂನವರು ಫೋನಿನಾಗ ನೋಡಿ, ತೊಳದು ಸ್ವಚ್ಛ ಮಾಡ್ತೇವಿ ಅಂದ್ರಂತ. ಅದಕ್ಕ ಬಚ್ಚಿಟ್ಟೆ."

"ನನಗ ಹೇಳಬಾರದಿತ್ತಾ ಅವ್ವಾ?" ಜಾಕ್ಸನ ಕೇಳಿದ.

"ಆಕಿ ಹೆಸರು ತಗೊಂಡ್ರ ನಿಮ್ಮಪ್ಪ ಊಟ ಬಿಟ್ಟು ಏಳ್ತಿದ್ರು. ಹೇಳೋ ರೂಢಿನೇ ತಪ್ಪಿಹೋತು."

"ಜಾವೀದನ್ನ ಹಿಡದಾಗರ ಹೇಳಬೇಕಿತ್ತಲ್ರಿ?" ಪ್ರಣಾಲಿ ಅಂದಳು.

ರೋಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

* * *

ಮರುದಿನ ರೋಸಮ್ಮ ಚಿತ್ರ ಹಿಡಿದು ಭಾಲ್ಕಿಗೆ ಹೋದರು. ಬಜಾರಿನ ನಡುವೆ ನಿಂತು, "ಚಿತ್ರ ತಗದಾಕಿ ನಾನು. ಜಾವೀದಂದೇನೂ ತಪ್ಪಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕೇಳಿದವರು ಕೇಳಿದರು. ಒಯ್ದ ಫೋಟೊ ಮಾತ್ರ ಯಾರೂ ತಿರುಗಿ ತರಲಿಲ್ಲ.

ಠಾಣೆಯಿಂದ ಬಿಡುಗಡೆಯಾಗಿ ಬಂದ ಜಾವೀದ ಅಂಗಡಿಯ ಖಾಲಿ ಗೋಡೆಗೆ ಒರಗಿ ಕೂತಿದ್ದ. ಚಿತ್ರ ತೆಗೆದುಕೊಂಡು ಕೆಂಪು ಬಳೆಗಳನ್ನು ನೋಡಿದ.

"ಹೋದ ವರ್ಷ ನಿಮ್ಮ ಮಗ ಇದನ್ನ ಒರಸು ಅಂದಿದ್ದರು ಅಮ್ಮಾ. ಸಣ್ಣ ಕೂಸಿನ ಕೈ ಅನಿಸ್ತು. ಒರಸಾಕ ಮನಸ್ಸಾಗಲಿಲ್ಲ."

ರೋಸಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಅತ್ತರು. ನಸ್ರೀನ ನೀರು ತಂದುಕೊಟ್ಟಳು. ಜಾವೀದ ಜೇಡದ ಚಿತ್ರ ಮುಂದಿಟ್ಟುಕೊಂಡು ನೀಲಿ ಅಂಟಿನ ಬಟ್ಟಲು ಹತ್ತಿರ ಎಳೆದುಕೊಂಡ.