ಹೈಡ್ರೋಜನ್ ಜಾಗ ಬಿಟ್ಟಾಗ

"ಮುಟ್ಟಬೇಡಿ! ಅದು ನನ್ನ ಕುಲುಮೆ!"

ಅವಳು ಓಡಿ ಬರುವಷ್ಟರಲ್ಲಿ ಅವನು ಹೈಡ್ರೋಜನ್ ವಾಲ್ವ್ ಮುಚ್ಚಿಯೇ ಬಿಟ್ಟಿದ್ದ. ಅವಳು ಅವನ ಮುಂಗೈ ಹಿಡಿದೆಳೆದಳು.

ಲ್ಯಾಬ್‌ನಲ್ಲಿ ಪಕ್ಕದ ಟೇಬಲ್ಲಿಗೆ ಹೊಸದಾಗಿ ಬಂದ ಸಂಶೋಧಕ. ಟೋಪಿ, ಮಾಸ್ಕ್‌ಗಳ ನಡುವೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಅವೂ ನಗುತ್ತಿದ್ದವು!

"ಒಳಗಿರೋದು ದೀಪ ಮಾಡೋ ಗ್ಯಾಲಿಯಂ ನೈಟ್ರೈಡ್ ಅಲ್ವಾ?"

"ಆದ್ರೆ ನಿಮಗೇನ್ರೀ? ನಾಳೆ ನಮ್ಮ ಗೈಡ್ ಮೇಡಂ ಮುಂದೆ ಈ ದೀಪ ಹತ್ತದಿದ್ರೆ ನನ್ನ ಪ್ರಾಜೆಕ್ಟ್ ನಿಮ್ಮ ಪಾಲಾಗುತ್ತೆ. ಅದಕ್ಕೇ ತಾನೆ ಈ ಉಪಕಾರ?"

ಕಣ್ಣುಗಳ ನಗು ಆರಿಹೋಯಿತು.

ಅವನು ಬಾಗಿಲವರೆಗೆ ಹೋಗಿ ನಿಂತ. "ಬೈಯ್ರಿ, ಪರವಾಗಿಲ್ಲ. ಹೇಳಿಯೇ ಹೋಗ್ತೀನಿ. ಸಿಲಿಕಾನ್‌ನಲ್ಲಿ ಹೈಡ್ರೋಜನ್ ಔಷಧಿ, ನಿಜ. ಇಲ್ಲಿ ಅದು ನೀವು ಬೆರೆಸಿರೋ ಮೆಗ್ನೀಸಿಯಂಗೆ ಗಂಟುಬಿದ್ದು, ಕೆಲಸ ಮಾಡೋಕೇ ಬಿಡಲ್ಲ. ಕರೆಂಟ್ ಹೇಗೆ ಹರಿಯುತ್ತೆ? ನೈಟ್ರೋಜನ್‌ನಲ್ಲಿ ಕಾಯಿಸಿ. ಹೈಡ್ರೋಜನ್ ಹೊರಟುಹೋಗುತ್ತೆ."

'ದೊಡ್ಡ ಪಂಡಿತ!' ಅವಳು ಮೂತಿ ತಿರುಗಿಸಿದಳು. ಪರಮಾಣುಗಳ ಹರಿದ ಬಂಧಗಳನ್ನು ಹೈಡ್ರೋಜನ್‌ನಿಂದ ವಾಸಿ ಮಾಡುತ್ತಾ ಸಿಲಿಕಾನ್ ಜೊತೆಗೇ ವರ್ಷಗಳನ್ನು ಕಳೆದವಳು. ಅವಳಿಗೇ ಪಾಠವೇ?

ಅವನ ಮಾತು ಸುಳ್ಳೆಂದು ತೋರಿಸಲೆಂದೇ ಕುಲುಮೆಯಲ್ಲಿದ್ದ ಅದೇ ದೀಪದ ತುಣುಕನ್ನು ನೈಟ್ರೋಜನ್‌ನಲ್ಲಿ ಕಾಯಿಸಿದಳು. ತಣಿದ ಮೇಲೆ ಅದಕ್ಕೆ ಬ್ಯಾಟರಿಯ ತಂತಿ ಜೋಡಿಸಿದಳು.

ನೀಲಿ!

ಕಣ್ಣು ಕುಕ್ಕುವಷ್ಟು ನೀಲಿ! ಒಬ್ಬಳೇ ಕುಣಿದಳು. ಮರುಕ್ಷಣವೇ ಕುಣಿತ ನಿಂತಿತು. 'ಅಯ್ಯೋ... ಅವರಿಗೆ ಏನೆಲ್ಲಾ ಅಂದುಬಿಟ್ಟೆ!'

ಉರಿಯುವ ದೀಪವನ್ನು ಟ್ರೇ ಸಮೇತ ಹಿಡಿದು ಅವನ ಮುಂದೆ ನಿಂತಳು. ಅವನು ಬೆಳಕು ಅಳೆಯುವ ಸಿಲಿಕಾನ್ ತುಣುಕೊಂದನ್ನು ದುರುಗುಟ್ಟಿ ನೋಡುತ್ತಿದ್ದ.

"ಸಾರಿ ರೀ... ನಿಮ್ಮನ್ನ ಕಳ್ಳನ ಥರ ನೋಡಿಬಿಟ್ಟೆ."

"ಕೇಳದೆ ವಾಲ್ವ್ ಮುಟ್ಟಿದ್ದು ನನ್ನ ತಪ್ಪೇ. ಅದಿರ್ಲಿ, ಇದೇನು ನೋಡಿ. ಕತ್ತಲಲ್ಲಿಟ್ಟರೂ ಕರೆಂಟ್ ಸೋರ್ತಿದೆ."

"ಮೇಲ್ಮೈ ತುಂಬಾ ಹರಿದ ಬಂಧಗಳಿರುತ್ತೆ. ನನ್ನ ಕುಲುಮೆಗೆ ತನ್ನಿ, ಹೈಡ್ರೋಜನ್ ಬಿಡೋಣ."

"ವಾಲ್ವ್ ಮುಟ್ಟಬಹುದಾ?"

"ಈ ಸಲ ನಾನೇ ಕೈ ಹಿಡಿದು ಮುಟ್ಟಿಸ್ತೀನಿ."

ಅಂದ ಮೇಲೆ ಅವಳ ಕಿವಿ ಬಿಸಿಯಾಯಿತು. ಅವನ ಕೈಯಲ್ಲಿದ್ದ ಚಿಮಟ ಜಾರಿ ಬಿತ್ತು.

"ನಿಮ್ಮ ಕುಲುಮೆಯಲ್ಲಿ ಯಾವ ಗ್ಯಾಸ್ ಹರಿಯುತ್ತೆ ಅಂತ ನನಗೆ ಹೇಗೆ ಗೊತ್ತಾಯ್ತು, ಕೇಳಲೇ ಇಲ್ಲ..."

"ಹೇಗೆ?"

"ಬಂದ ದಿನದಿಂದ ಆ ಕಡೆಗೇ ನೋಡ್ತಾ ಇದೀನಿ. ಕುಲುಮೆಯನ್ನಲ್ಲ... ನಿಮ್ಮನ್ನ."

ಅವಳು ದೀಪದಿಂದ ತಲೆಯೆತ್ತಿ ಅವನನ್ನೇ ನೋಡಿದಳು. ಅವನು ಗಾಬರಿಯಾಗಿ ತೊದಲಿದ, "ಈಗಲೇ ಏನೂ ಹೇಳಬೇಡಿ! ನಾಳೆ ಮೇಡಂ ಬಂದು ಹೋಗಲಿ. ಆಮೇಲೆ ವಾರ, ತಿಂಗಳು... ಎಷ್ಟು ಟೈಮ್ ಬೇಕಾದ್ರೂ ತಗೊಳ್ಳಿ."

ಅವಳು ಟ್ರೇಯನ್ನು ಮೆಲ್ಲಗೆ ಕೆಳಗಿಟ್ಟು, ಅವನ ಬೆರಳುಗಳೊಳಗೆ ತನ್ನ ಬೆರಳು ಸೇರಿಸಿದಳು.

"ಟೈಮ್ ನನಗೆ ಬೇಡ," ಎಂದಳು. "ಒಂದು ನಿಮಿಷಾನೂ ಬೇಡ."