ಪೆಲೊನೊಮಿಯ ಗಿಟಾರಿನ ದನಿ

ಗಿಟಾರ್ ಇದ್ದ ಹಾಗೇ ಇತ್ತು. ಅದರ ದನಿ ಮಾತ್ರ ಕಳುವಾಗಿತ್ತು.

ಸಂಗೀತ ಮೇಳದ ಸೌಂಡ್ ಚೆಕ್‌ಗೆಂದು ನಮ್ಮ ಬ್ಯಾಂಡಿನ ಪೆಲೊನೊಮಿ ವೇದಿಕೆ ಹತ್ತಿ ದಪ್ಪ ತಂತಿಯನ್ನು ಒಮ್ಮೆ ಬಾರಿಸಿದಳು. ನಮಗೆಲ್ಲ ಗೊತ್ತಿದ್ದ ಆ ಬಿಗಿಯಾದ, ಎದೆಗೆ ಗುದ್ದುವಂಥ ಸದ್ದು ಬರಲಿಲ್ಲ. ಮಂಕಾದ ಗೊರಗೊರ ಬಂತು— ಅದರ ಬೆನ್ನಿಗೇ ಕಿವಿ ಸೀಳುವ ಕೀರಲು. ಮೈದಾನದ ಅಂಚಿನ ದೊಡ್ಡಿಯಲ್ಲಿ ಹರಾಜಿಗೆ ತಂದಿದ್ದ ದನಗಳು ಬೆದರಿ ಬೇಲಿಗೆ ನುಗ್ಗಿದವು.

"ಆಂಪ್ಲಿಫೈಯರ್ ಕೆಟ್ಟಿರ್ಬೇಕು," ಎಂದೆ ನಾನು.

"ಆಂಪ್ಲಿಫೈಯರ್ ಅಲ್ಲ," ಎಂದಳು ಅವಳು. "ಇದು ನನ್ನ ಪಿಕಪ್ ಅಲ್ಲ ಲೆಬಾಂಗ್. ಯಾರೋ ಬದಲಾಯಿಸಿದಾರೆ."

ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತಿರುವ ಬೆರಳುದ್ದದ ಡಬ್ಬಿ. ಒಳಗೆ ಅಯಸ್ಕಾಂತ, ಅದರ ಜೊತೆ ಕೂದಲಿಗಿಂತ ತೆಳ್ಳಗಿನ ತಾಮ್ರದ ಸುರುಳಿ. ತಂತಿಯ ನಡುಕವನ್ನು ಕರೆಂಟ್ ಮಾಡಿ ಆಚೆ ಕಳಿಸುವುದು ಅದೇ. ಹೆವಿ ಮೆಟಲ್ ಬಾರಿಸುವವರಿಗೆ ಗಿಟಾರಿನ ಮರ, ಬಣ್ಣ ಎಲ್ಲ ಆಮೇಲೆ. ಸುರುಳಿ ಜಾಸ್ತಿ ಸುತ್ತಿದ ಪಿಕಪ್ ಜೋರಾಗಿ ಅರಚುತ್ತದೆ ನಿಜ; ಆದರೆ ನಾವು ತಂತಿ ಸಡಿಲಿಸಿ ತಗ್ಗಿನ ಸ್ವರದಲ್ಲಿ ಬಾರಿಸುವಾಗ ಎಲ್ಲ ಕಲಸಿ ಗಂಜಿಯಾಗುತ್ತದೆ. ಪೆಲೊನೊಮಿಗೆ ಭಾರವೂ ಬೇಕು, ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಲೂ ಬೇಕು. ಅಂಥದ್ದನ್ನು ಹುಡುಕಿ ಹುಡುಕಿ, ಹಾಕಿ ತೆಗೆದು, ನಮ್ಮ ಪ್ರಾಣ ತಿಂದು ಕೊನೆಗೂ ಆರಿಸಿಕೊಂಡಿದ್ದಳು.

ಹಾಡುಗಾರ ಕೊಪಾನೊ ಸ್ಕ್ರೂ ಬಿಚ್ಚಿದ. ಮೇಲಿನ ಕಪ್ಪು ಮುಚ್ಚಳ ಅವಳದ್ದೇ, ಆದರೆ ಕೆಳಗಿದ್ದದ್ದು ಬೇರೆ ಪಿಕಪ್. ಹಳೆಯದು, ತಳವೆಲ್ಲ ಬೂದು ಧೂಳು. ಕೊಪಾನೊ ಉಫ್ ಎಂದು ಊದಿದ. ನಾನೂ ಬೆರಳಿನಿಂದ ಒರೆಸಿ ಪ್ಯಾಂಟಿಗೆ ತಿಕ್ಕಿದೆ. ಮರಳುಗಾಡಿನ ನಮ್ಮ ಘಾಂಜಿ ಊರಲ್ಲಿ ಧೂಳು ಹಿಡಿಯದ ವಸ್ತು ಯಾವುದಿದೆ?

"ಬೆಸುಗೆ ನೋಡು, ಹೊಸದು," ಎಂದ ಕೊಪಾನೊ. ಆಮೇಲೆ ದನಿ ತಗ್ಗಿಸಿದ. "ಊರಲ್ಲಿ ಬೆಸುಗೆ ಕಬ್ಬಿಣ ಹಿಡಿಯೋನು ಒಬ್ಬನೇ ಅಲ್ವಾ?"

ಅವನು ಹೆಸರು ಹೇಳಬೇಕಿರಲಿಲ್ಲ. ರೇಡಿಯೋ ರಿಪೇರಿ ಅಂಗಡಿಯ ತೆಫೊ. ಪೆಲೊನೊಮಿಯನ್ನು ಮದುವೆಯಾಗಬೇಕಿದ್ದವನು. ಮರುದಿನ, ಭಾನುವಾರ, ತೆಫೊನ ಸೋದರಮಾವಂದಿರು ಪೆಲೊನೊಮಿಯ ಮನೆ ಅಂಗಳಕ್ಕೆ ಬಂದು ಹೆಣ್ಣು ಕೇಳುವವರಿದ್ದರು.

ತೆಫೊ ಕೇಬಲ್ ಸುರುಳಿ ಹೊತ್ತು ಬರುತ್ತಿದ್ದ. ಪೆಲೊನೊಮಿ ಅವನು ಹತ್ತಿರ ಬರುವವರೆಗೂ ಕಾಯಲಿಲ್ಲ.

"ಯಾಕೆ ಮಾಡ್ದೆ?"

"ಏನ್ ಮಾಡ್ದೆ?"

"ನಾಟಕ ಬೇಡ! ನೀನು ಹೇಳಿದ ಪಿಕಪ್ ಹಾಕಿಸ್ಕೊಳ್ಳಲಿಲ್ಲ ಅಂತ ತಾನೆ? ‘ಸ್ಟೇಜ್ ಮೇಲೆ ಗೊತ್ತಾಗುತ್ತೆ ಬಿಡು’ ಅಂದಿದ್ಯಲ್ಲ— ಈಗ ಗೊತ್ತಾಯ್ತು. ನಾಳೆ ನಿಮ್ಮವರು ಬರೋದೇನೂ ಬೇಡ."

ತೆಫೊ ಕೇಬಲ್ ಕೆಳಗಿಟ್ಟ. ಸುತ್ತ ನಿಂತಿದ್ದ ಬೇರೆ ಬ್ಯಾಂಡಿನವರು ನಮ್ಮ ಕಡೆ ತಿರುಗಿ ನೋಡುತ್ತಿದ್ದರು. ಸೂರ್ಯ ಇಳಿಯುವ ಹೊತ್ತಿಗೆ ನಮ್ಮ ಸರದಿ. ಪಿಕಪ್ ಸಿಗದಿದ್ದರೆ ಸರದಿ ಹೋಗುತ್ತದೆ, ಹೋಗಲಿ. ಈ ಹುಡುಗನ ಹಣೆಗೆ ಕಳ್ಳನೆಂದು ಮುದ್ರೆ ಬಿದ್ದರೆ ಅದನ್ನು ಅಳಿಸುವವರು ಯಾರು? ನಾನು ರ್ರಾ ಚೆಕಿಸೊ ಅವರನ್ನು ಕರೆತರಲು ಓಡಿದೆ.

ರ್ರಾ ಚೆಕಿಸೊ ಪೊಲೀಸಿನಲ್ಲಿ ದನಗಳ್ಳರನ್ನು ಹಿಡಿಯುತ್ತಿದ್ದವರು. ಹಿರಿಯ ಗಂಡಸರನ್ನು ನಮ್ಮಲ್ಲಿ ಗೌರವದಿಂದ ‘ರ್ರಾ’ ಎಂದೇ ಕರೆಯುವುದು. ನಿವೃತ್ತಿಯ ಮೇಲೆ ಖಾಕಿ ಬಿಟ್ಟು ನಮ್ಮ ಹಾಗೇ ಚರ್ಮದ ಜಾಕೆಟ್, ಅಗಲ ಅಂಚಿನ ಟೋಪಿ ಹಾಕಿಕೊಂಡಿದ್ದಾರೆ. ಮೇಳದ ಕಾವಲು ಅವರದ್ದೇ. ಆನೆ ಮೈಮೇಲೆ ಬಂದರೂ ಆತುರಪಡುವ ಪೈಕಿ ಅಲ್ಲ. ಒಣಮಾಂಸ ಅಗಿಯುತ್ತ ನಿಧಾನವಾಗಿ ಬಂದು ಪಿಕಪ್ಪನ್ನು ಅಂಗೈಯಲ್ಲಿಟ್ಟುಕೊಂಡರು.

"ನಂಗೆ ಈ ಸಂಗೀತದ ಒಳಗಿಂದು ಗೊತ್ತಿಲ್ಲ. ಇದು ಯಾಕಮ್ಮ ಕಿರುಚುತ್ತೆ?"

ಉತ್ತರ ಕೊಟ್ಟವನು ತೆಫೊ. "ಸುರುಳಿಗೆ ಮೇಣ ಇಲ್ಲ ರ್ರಾ. ಪಿಕಪ್ಪನ್ನ ಕಾಸಿದ ಮೇಣದಲ್ಲಿ ಅದ್ದಿ ತೆಗೀಬೇಕು, ಸುರುಳಿ ಅಲ್ಲಾಡದ ಹಾಗೆ. ಇಲ್ಲಾಂದ್ರೆ ವಾಲ್ಯೂಮ್ ಏರಿಸಿದ ಕೂಡ್ಲೆ ಸುರುಳಿಯೇ ನಡುಗಿ ಹೀಗೆ ಕೂಗುತ್ತೆ. ನಾನು ಹಾಕೋದಾಗಿದ್ರೆ ಮೇಣ ಇಲ್ದೆ ಹಾಕ್ತಿದ್ನಾ?"

"ಬೇಕಂತ್ಲೇ ಹಾಳು ಮಾಡೋನು ಮೇಣ ಯಾಕೆ ಹಾಕ್ತಾನೆ?" ಎಂದ ಕೊಪಾನೊ.

"ನೀನು ಸುಮ್ನಿರಪ್ಪ, ನಿನ್ನ ಸರದಿ ಬರುತ್ತೆ," ಎಂದರು ರ್ರಾ ಚೆಕಿಸೊ. "ಗಿಟಾರ್ ಕೊನೇ ಸಲ ಸರಿಯಾಗಿ ದನಿ ಕೊಟ್ಟಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ," ಎಂದ ತೆಫೊ. "ಕೇಬಲ್ ಸಿಗಿಸೋ ತೂತು ಸಡಿಲವಾಗಿತ್ತು, ಬಿಗಿ ಮಾಡಿ ಬಾರಿಸಿ ನೋಡಿ ಕೊಟ್ಟೆ. ಪಿಕಪ್ ಮುಟ್ಟಲಿಲ್ಲ."

"ಸಾಕ್ಷಿ?"

"ನನ್ನ ಮಾತೇ."

ಪೆಲೊನೊಮಿ ಮುಖ ತಿರುಗಿಸಿದಳು. ಅದನ್ನು ನೋಡಿ ನನಗೇ ಸಂಕಟವಾಯಿತು, ತೆಫೊನ ಗತಿ ಏನಾಗಿರಬೇಡ!

"ಆಮೇಲೆ?"

"ಸಂಜೆ ಮನೆಗೆ ತಂದೆ," ಎಂದಳು ಅವಳು. "ಬಾರಿಸಲಿಲ್ಲ. ನಾಳೆ ನೆಂಟರು ಬರ್ತಾರೆ ಅಂತ ಮನೆ ತುಂಬ ಹೆಂಗಸರು, ಅಡುಗೆ, ಗುಡಿಸೋದು, ಸಾರಿಸೋದು. ಗಿಟಾರ್ ಒಂದ್ಕಡೆ ಇಟ್ಟು ನಾನೂ ಕೆಲಸಕ್ಕೆ ಕೂತೆ. ಬೆಳಿಗ್ಗೆ ಕೊಪಾನೊ ವ್ಯಾನಲ್ಲಿ ಹಾಕ್ಕೊಂಡ."

"ಹಾಗಾದ್ರೆ ಕೊಪಾನೊ ಕೈಲೂ ಇತ್ತು?"

"ಅಯ್ಯೋ, ನಾನು ಡ್ರೈವ್ ಮಾಡ್ತಿದ್ದೆ ರ್ರಾ!" ಕೊಪಾನೊ ಬೆವರತೊಡಗಿದ. "ಲೆಬಾಂಗ್ ಪಕ್ಕದಲ್ಲೇ ಇದ್ದ. ಕೇಳಿ ಬೇಕಾದ್ರೆ."

"ಆದ್ರೆ ನಿಂಗೂ ಅವಳ ಪಿಕಪ್ ಇಷ್ಟ ಇರಲಿಲ್ಲ ಅಂತ ಕೇಳಿದೀನಿ."

"ಇನ್ನೂ ಜೋರಿರಲಿ ಅಂದೆ. ಅಷ್ಟೇ. ಅದೂ ನಂಗೋಸ್ಕರ ಅಲ್ಲ— ಹಾಡೋನು ನಾನು, ಅವಳ ಗಿಟಾರ್ ಸಣ್ಣಗಿದ್ರೆ ನಂಗೇ ಒಳ್ಳೇದಲ್ವಾ?"

ರ್ರಾ ಚೆಕಿಸೊ ಪಿಕಪ್ಪನ್ನು ತಲೆಕೆಳಗೆ ಮಾಡಿ ತಳಕ್ಕೆ ಬೆರಳಿನಿಂದ ತಟ್ಟಿದರು. ಒಂದಿಷ್ಟು ಕೆಂಪು ಮರಳು ಉದುರಿತು. ಮತ್ತೆ ತಟ್ಟಿದರು. ಇನ್ನೇನೂ ಉದುರಲಿಲ್ಲ, ಬೂದು ಧೂಳು ಅಲ್ಲೇ ಅಂಟಿಕೊಂಡಿತ್ತು. ಅದನ್ನೇ ದಿಟ್ಟಿಸಿದರು— ಎಷ್ಟು ಹೊತ್ತೆಂದರೆ ನನಗೆ ಸಿಟ್ಟೇ ಬಂತು. ಬಿಸಿಲು ಓರೆಯಾಗುತ್ತಿತ್ತು. ವೇದಿಕೆಯ ಮೇಲೆ ಇನ್ನೊಂದು ಬ್ಯಾಂಡ್ ಶುರುಮಾಡಿಯಾಗಿತ್ತು.

"ಎಲ್ರೂ ಹತ್ರ ಬನ್ನಿ. ನಿಮ್ಮ ಜಾಕೆಟ್‌ಗಳು ಚೆನ್ನಾಗಿವೆ, ನೋಡೋಣ."

ಮುದುಕನಿಗೆ ಬಿಸಿಲು ತಲೆಗೇರಿತು ಎಂದುಕೊಂಡೆ. ಅವರು ಕೊಪಾನೊನ ಜಾಕೆಟ್ಟಿನ ಭುಜಕ್ಕೆ ಅಲಂಕಾರಕ್ಕೆಂದು ಬಡಿದಿದ್ದ ಲೋಹದ ಮುಳ್ಳುಗಳಿಗೆ ಪಿಕಪ್ಪಿನ ತಳ ತಾಗಿಸಿದರು. ಏನೂ ಆಗಲಿಲ್ಲ.

"ಅಲ್ಯುಮಿನಿಯಂ ರ್ರಾ. ಅಂಗಡಿಯದು."

ತೆಫೊನ ತೋಳಿನ ಮುಳ್ಳುಗಳು ಹಳದಿ. ಬಳಸಿ ಬಿಸಾಡಿದ ತೋಟಾಗಳ ಹಿತ್ತಾಳೆಯನ್ನು ಕತ್ತರಿಸಿ ತಾನೇ ಮಾಡಿಕೊಂಡಿದ್ದವು. ಅಲ್ಲೂ ಏನೂ ಆಗಲಿಲ್ಲ. ಆಮೇಲೆ ನನ್ನ ಕಡೆ ಬಂದರು. ಪಿಕಪ್ ನನ್ನ ಎದೆಯ ಮುಳ್ಳಿಗೆ ಟಕ್ಕೆಂದು ಅಂಟಿತು.

ನನ್ನ ಜೀವ ಬಾಯಿಗೆ ಬಂತು. "ರ್ರಾ! ನಾನಲ್ಲ! ನಂಗೆ ಬೆಸುಗೆ ಹಾಕಕ್ಕೇ ಬರಲ್ಲ!"

"ನೀನು ಅಂತ ಯಾರಂದ್ರು? ಈ ಮುಳ್ಳು ಕಬ್ಬಿಣದ್ದು. ಯಾರು ಮಾಡಿಕೊಟ್ಟಿದ್ದು?"

"ಮೊಟ್ಸುಮಿ ಮಾವ."

ಹೇಳಿದ ಮೇಲೆ ನಾನು ಹೇಳಿದ್ದೇನೆಂದು ನನಗೇ ಅರ್ಥವಾಯಿತು. ಎಲ್ಲರೂ ವ್ಯಾನಿನ ಕಡೆ ತಿರುಗಿದರು.

ವ್ಯಾನಿನ ನೆರಳಲ್ಲಿ, ತಗಡಿನ ಡ್ರಮ್ಮಿನ ಮೇಲೆ, ಪೆಲೊನೊಮಿಯ ಸೋದರಮಾವ ಮೊಟ್ಸುಮಿ ಕೂತಿದ್ದರು. ಅವಳು ಬೆಳೆದದ್ದು ಅವರ ಮನೆಯಲ್ಲೇ. ನಾವು ಯಾರೂ ಗಿಟಾರ್ ಮುಟ್ಟುವ ಮೊದಲೇ ಈ ಊರಲ್ಲಿ ಬ್ಯಾಂಡ್ ಕಟ್ಟಿ, ತನ್ನ ಗಿಟಾರಿಗೆ ತಾನೇ ಬೆಸುಗೆ ಹಾಕಿಕೊಳ್ಳುತ್ತಿದ್ದ ಮನುಷ್ಯ. ಈಗ ಹಳೇ ಗಾಳಿಯಂತ್ರಗಳ ಸರಳು ಕತ್ತರಿಸಿ, ಅರದಿಂದ ಉಜ್ಜಿ ನಮಗೆಲ್ಲ ಮುಳ್ಳು ಮಾಡಿಕೊಡುತ್ತಾರೆ.

"ಏನ್ ರ್ರಾ, ಯಾರನ್ನ ಅಂತೀರಾ?" ಪೆಲೊನೊಮಿಯ ದನಿ ಏರಿತು. "ಅವರು ನಮ್ಮ ಮಾವ!"

"ಅದಕ್ಕೇ ನೀವು ಯಾರೂ ಅವರನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ," ಎಂದರು ರ್ರಾ ಚೆಕಿಸೊ. "ಬೆಸುಗೆ ಯಾರು ಹಾಕ್ತಾರೆ, ಜಗಳ ಯಾರು ಆಡಿದ್ರು— ಅದನ್ನೇ ಹುಡುಕಿದ್ರಿ. ಕೈಗೆ ಸಿಕ್ಕಿದ್ದನ್ನ ಊದಿಬಿಟ್ರಿ. ಇದು ಘಾಂಜಿ ಧೂಳು ಅಲ್ಲಮ್ಮ. ಮರಳಾಗಿದ್ರೆ ತಟ್ಟಿದ ಕೂಡ್ಲೆ ಉದುರ್ತಿತ್ತು. ಇದು ಕಬ್ಬಿಣದ ಅರಪುಡಿ. ಅಯಸ್ಕಾಂತ ಅದನ್ನ ಬಿಡಲ್ಲ. ಈ ಪಿಕಪ್ ಮುಳ್ಳು ಉಜ್ಜೋ ಮೇಜಿನ ಮೇಲೆ ಬಿದ್ದಿತ್ತು. ನಿನ್ನೆ ಸಂಜೆ ಗಿಟಾರ್ ಎಲ್ಲಿಟ್ಟೆ ಹೇಳು?"

ಅವಳು ಪಿಸುಗುಟ್ಟಿದಳು. "ಮಾವನ ಕೆಲಸದ ಕೋಣೇಲಿ. ಒಳಗೆ ಜಾಗ ಇರಲಿಲ್ಲ."

"ಇನ್ನೊಂದು ಮಾತು. ಮೊಟ್ಸುಮಿ ಇದ್ದ ಕಡೆ ಬೇರೆಯವರ ಬಾಯಿಗೆ ಕೆಲಸವೇ ಇರಲ್ಲ. ಎಲ್ಲರನ್ನೂ ಗೇಲಿ ಮಾಡೋ ಮನುಷ್ಯ ಇವತ್ತು ಮಧ್ಯಾಹ್ನದಿಂದ ಒಂದು ಅಕ್ಷರ ಆಡಿದ್ರಾ?"

ಮೊಟ್ಸುಮಿ ಎದ್ದರು. ಜಾಕೆಟ್ಟಿನ ಒಳಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಪಿಕಪ್ಪನ್ನು ತೆಗೆದರು. ಪೆಲೊನೊಮಿಯದ್ದೇ.

"ಹಾಳು ಮಾಡೋಕಲ್ಲ ಮಗಳೇ," ಎಂದರು. "ಇದು ನನ್ನ ಮೊದಲ ಗಿಟಾರಿಂದು. ಗಿಟಾರ್ ಹೋಯ್ತು, ಇದೊಂದು ಉಳೀತು. ಪಿಕಪ್ ಹುಡುಕ್ತಿದ್ದೀಯಲ್ಲ, ಇದನ್ನ ನೋಡು ಅಂದೆ. ನೀನು ತಿರುಗಿ ಕೂಡ ನೋಡದೆ ‘ಮ್ಯೂಸಿಯಂಗೆ ಕೊಡಿ ಮಾವ’ ಅಂದೆ. ಎಲ್ರೂ ನಕ್ರು. ನಾನೂ ನಕ್ಕೆ. ಒಂದೇ ಒಂದು ಸಲ ದೊಡ್ಡ ಸ್ಟೇಜ್ ಮೇಲೆ ಕೇಳೋಣ ಅನ್ನಿಸ್ತು. ಮನೇಲಿ ಸಣ್ಣಗೆ ಬಾರಿಸಿ ನೋಡ್ದೆ, ಚೆನ್ನಾಗೇ ಇತ್ತು. ಹಾಡು ಮುಗಿದ್ಮೇಲೆ ಹೇಳೋಣ ಅಂತಿದ್ದೆ."

"ಹಾಳು ಮಾಡೋಕಲ್ಲ, ಸರಿ," ಎಂದರು ರ್ರಾ ಚೆಕಿಸೊ. "ಆದ್ರೆ ಈ ಹುಡುಗನ್ನ ಕಳ್ಳ ಅಂದಾಗ ಸುಮ್ನೆ ಕೂತಿದ್ರಲ್ಲ, ಅದು?"

ಮೊಟ್ಸುಮಿ ತಲೆ ತಗ್ಗಿಸಿ ಪಿಕಪ್ಪನ್ನು ಮುಂದೆ ಚಾಚಿದರು.

ತೆಫೊ ಮುಂದೆ ಬಂದು ಅವರ ಕೈಯಿಂದ ಪಿಕಪ್ ತೆಗೆದುಕೊಂಡ. ವ್ಯಾನಿನ ಬಾಗಿಲಲ್ಲಿ ಕೂತು ಬೆಸುಗೆ ಕಬ್ಬಿಣ ಕಾಯಿಸಿದ. ಯಾರ ಮುಖವನ್ನೂ ನೋಡದೆ ವೈರುಗಳನ್ನು ಒಂದೊಂದಾಗಿ ಕೂಡಿಸಿದ. ಪೆಲೊನೊಮಿ ಪಕ್ಕದಲ್ಲಿ ಗಿಟಾರ್ ಹಿಡಿದು ಕೂತಿದ್ದಳು. ಕಣ್ಣೀರು ಗಿಟಾರಿನ ಮೇಲೆ ಬೀಳುತ್ತಿತ್ತು, ಅವನು ಅದನ್ನು ತೋಳಿನಿಂದ ಒರೆಸಿ ಕೆಲಸ ಮುಂದುವರಿಸಿದ. ತಂತಿ ಬಿಗಿದು ಬಾರಿಸಿ ನೋಡಿದ. ಆ ಬಿಗಿ ಸದ್ದು ಬಂತು. ನನಗಂತೂ ಅಳುವೇ ಬರುವ ಹಾಗಾಯಿತು.

"ತೆಫೊ," ಎಂದಳು ಅವಳು. "ನಾನು—"

"ಗಿಟಾರ್ ಸರಿಯಾಗಿದೆ. ಹೋಗಿ ಬಾರಿಸು," ಎಂದ ಅವನು ಏಳುತ್ತ. "ನಾಳೆ ನಮ್ಮವರು ಬರಲ್ಲ. ನೀನೇ ಬೇಡ ಅಂದೆ. ಇಷ್ಟು ಜನರ ಮುಂದೆ ಕಳ್ಳ ಅನ್ನಿಸ್ಕೊಂಡು ಯಾವ ಮುಖ ಇಟ್ಕೊಂಡು ಅವರನ್ನ ನಿಮ್ಮ ಅಂಗಳಕ್ಕೆ ಕರ್ಕೊಂಡು ಬರ್ಲಿ?"

ವೇದಿಕೆಯಿಂದ ನಮ್ಮ ಹೆಸರು ಕೂಗಿದರು. ಕೊಪಾನೊ ಅತ್ತ ನೋಡುತ್ತಾನೆ, ಇತ್ತ ನೋಡುತ್ತಾನೆ. ಯಾರೂ ಕದಲಲಿಲ್ಲ.

ಆಗ ಮೊಟ್ಸುಮಿ ಟೋಪಿ ತೆಗೆದರು. ಸೋದರಮಾವನೆಂದರೆ ನಮ್ಮಲ್ಲಿ ಹೆಣ್ಣಿನ ಕಡೆಯ ಹಿರಿಯ; ಕೇಳಲು ಬಂದವರನ್ನು ಅಂಗಳದಲ್ಲಿ ನೆಲದ ಮೇಲೆ ಕೂರಿಸಿ ಕಾಯಿಸುವವನು, ಕುರ್ಚಿ ಅವನದ್ದು. ಅಂಥವರು ಬೇರೆ ಬ್ಯಾಂಡಿನವರು, ದನದ ವ್ಯಾಪಾರಿಗಳು, ಎಲ್ಲರೂ ನೋಡುತ್ತಿರುವಾಗಲೇ ಆ ಹುಡುಗನ ಮುಂದೆ ಮರಳಿನಲ್ಲಿ ಕೂತರು.

"ನಿಮ್ಮವರು ಬರೋದು ಬೇಡಪ್ಪ," ಎಂದರು. "ನಾಳೆ ನಾನು ಬರ್ತೀನಿ. ನಿಮ್ಮ ಅಂಗಳಕ್ಕೆ. ನಮ್ಮ ಹುಡುಗೀನ ನಿಮ್ಮ ಮನೆಗೆ ಸೇರಿಸ್ಕೊಳ್ಳಿ ಅಂತ ನಾನೇ ಕೇಳ್ತೀನಿ."

ಹೆಣ್ಣಿನ ಕಡೆಯವರು ಹೋಗಿ ಕೇಳುವುದೇ? ಅಂಥದ್ದನ್ನು ನಾನು ಕಂಡದ್ದಿಲ್ಲ, ನಮ್ಮಜ್ಜಿಯೂ ಕಂಡಿರಲಿಕ್ಕಿಲ್ಲ. ರ್ರಾ ಚೆಕಿಸೊ ಕೂಡ ಅಗಿಯುವುದನ್ನು ನಿಲ್ಲಿಸಿದರು.

ತೆಫೊ ಬಗ್ಗಿ ಮೊಟ್ಸುಮಿಯವರ ತೋಳು ಹಿಡಿದು ಎಬ್ಬಿಸಿದ, ಅವರ ಪ್ಯಾಂಟಿಗಂಟಿದ ಮರಳು ಕೊಡವಿದ.

"ನಾಳೆ ಬೇಗ ಬನ್ನಿ ರ್ರಾ," ಎಂದ. "ಬಿಸಿಲೇರಿದ್ರೆ ನಮ್ಮಪ್ಪ ದನಗಳ ಹತ್ರ ಹೊರಟ್ಹೋಗ್ತಾರೆ."