ಕ್ಯಾಬಿನೆಟ್ ಬಿಚ್ಚದೆ ಬೆಲೆ ಹೇಳುವುದಿಲ್ಲ

“ಈ ಹಳೇ ಡೆಸ್ಕ್‌ಟಾಪ್‌ಗೆ ಎಷ್ಟು ಬರುತ್ತೆ, ರಿಪೇರಿಯವ್ರೇ?”

ತಲೆ ಎತ್ತುವ ಮೊದಲೇ ದನಿ ಯಾರದೆಂದು ತಿಳಿಯಿತು. ನನ್ನನ್ನು ‘ರಿಪೇರಿಯವ್ರೇ’ ಎಂದು ಕರೆಯುವವರು ಈ ಬೀದಿಯಲ್ಲಿ ಒಬ್ಬರೇ. ಉಳಿದವರಿಗೆಲ್ಲ ನಾನು ‘ಏನ್ರೀ’, ಇಲ್ಲವೇ ‘ಬಾಸ್’.

ಪ್ರೂಫ್ ಮೇಡಂ ಬಾಗಿಲಲ್ಲಿ ನಿಂತಿದ್ದರು. ಕ್ಯಾಬಿನೆಟ್ಟನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದಿದ್ದರು. ಹಿಂದೆ ಬಾಡಿಗೆ ಗಾಡಿಯವರು ಮಾನಿಟರ್ ಹೊತ್ತು ನಿಂತಿದ್ದರು. ಮನೆಯಲ್ಲೇ ಕುಳಿತು ಪುಸ್ತಕಗಳ, ಪ್ರಶ್ನೆಪತ್ರಿಕೆಗಳ ತಪ್ಪು ತಿದ್ದುವುದು ಮೇಡಂ ಅವರ ಕೆಲಸ. ಮೊದಲ ಸಲ ಬಂದಾಗ ನನ್ನ ಅಂಗಡಿಯ ಬೋರ್ಡಿನಲ್ಲೇ ಎರಡು ತಪ್ಪು ತೋರಿಸಿದ್ದರು. ದುಡ್ಡು ಕೊಟ್ಟು ಬರೆಸಿದ ಬೋರ್ಡಿನಲ್ಲಿ ಹುಳುಕು ಹುಡುಕುವವರನ್ನು ಕಂಡರೆ ಯಾರಿಗೂ ಆಗುವುದಿಲ್ಲ. ನನಗೆ ಮಾತ್ರ ಅವರ ಮೇಲೆ ಅವತ್ತೇ ಪ್ರೀತಿಯಾಯಿತು.

ಅದು ಆರು ವರ್ಷದ ಹಿಂದಿನ ಮಾತು. ಈ ಆರು ವರ್ಷದಲ್ಲಿ ನಾನು ಅವರಿಗೆ ಹೇಳಿದ್ದು ‘ಫ್ಯಾನಿಗೆ ಧೂಳು ಕೂತಿದೆ’, ‘ಮೌಸ್ ಬದಲಾಯಿಸಿ’, ಇಷ್ಟೇ. ಹೇಳಬೇಕಾದ ಮಾತು ನಾಲಿಗೆಯ ತುದಿಯವರೆಗೆ ಬರುತ್ತಿತ್ತು. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬರುತ್ತಿದ್ದ. ಯಾರೂ ಬಾರದ ದಿನ ನನ್ನ ಧೈರ್ಯವೇ ಬರುತ್ತಿರಲಿಲ್ಲ.

“ಮಾರ್ತೀರಾ ಇದನ್ನ?”

“ಮಾರ್ಬೇಕು. ಇನ್ನು ಹತ್ತು ದಿನಕ್ಕೆ ಮದುವೆ. ಬೇರೆ ಊರು, ಅಲ್ಲಿ ಮನೆ ಚಿಕ್ಕದು. ಅವ್ರು ಲ್ಯಾಪ್‌ಟಾಪ್ ತೆಗೆದುಕೊಟ್ಟಿದ್ದಾರೆ.”

ನನ್ನ ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು. ಬಿದ್ದ ಸ್ಕ್ರೂ ಹುಡುಕುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಕೆಲಸ. ಹಾಗಾಗಿ ಮೇಜಿನ ಕೆಳಗೆ ಸ್ವಲ್ಪ ಹೊತ್ತು ಕುಳಿತೇ ಇದ್ದೆ. ಮುಖ ಸರಿಮಾಡಿಕೊಳ್ಳಲು ಅಷ್ಟು ಸಮಯ ಬೇಕಿತ್ತು.

“ನಿಮ್ಮ ಎಡಗಾಲಿನ ಪಕ್ಕದಲ್ಲೇ ಇದೆ,” ಮೇಲಿನಿಂದ ದನಿ ಬಂತು. ಅವರ ಕಣ್ಣಿಗೆ ಬೀಳದ್ದು ಏನೂ ಇಲ್ಲ, ನನ್ನೊಬ್ಬನನ್ನು ಬಿಟ್ಟು.

ಎದ್ದು ನಿಂತೆ. “ಒಳ್ಳೇದಾಯ್ತು ಮೇಡಂ. ಯಾರವ್ರು?”

“ಆ ಊರಲ್ಲೇ ಕನ್ನಡಕದಂಗಡಿ ಇಟ್ಟಿದ್ದಾರೆ. ಅಮ್ಮನಿಗೆ ಕನ್ನಡಕ ಮಾಡಿಸೋಕೆ ಹೋದಾಗ ಪರಿಚಯ.” ಕ್ಯಾಬಿನೆಟ್ಟಿನ ಮೇಲಿಲ್ಲದ ಧೂಳನ್ನು ಒರೆಸಿದರು. “ಸುಮ್ನೆ ಒಂದು ಅಂದಾಜು ಹೇಳಿಬಿಡಿ, ಸಾಕು.”

“ಕ್ಯಾಬಿನೆಟ್ ಬಿಚ್ಚದೆ ಬೆಲೆ ಹೇಳಲ್ಲ. ನಮ್ಮಂಗಡಿ ರೂಲ್ಸು ನಿಮಗೆ ಗೊತ್ತಲ್ಲ.”

ರೂಲ್ಸು ಎಂದರೆ ಇಷ್ಟು. ಹಳೇ ಮಷೀನನ್ನು ಒಡೆಯರ ಎದುರಿಗೇ ಬಿಚ್ಚಬೇಕು. ಒಳಗಿನ ಒಂದೊಂದು ಪಾರ್ಟಿನ ಮೇಲಿರುವುದನ್ನು ನಾನು ಗಟ್ಟಿಯಾಗಿ ಓದಬೇಕು, ಒಡೆಯರು ತಮ್ಮ ಕೈಯಾರೆ ಬರೆದುಕೊಳ್ಳಬೇಕು. ಒಳ್ಳೆಯ ಪಾರ್ಟು ಎಗರಿಸಿ ಕಳಪೆಯದು ಹಾಕಿದ ಎಂದು ನಾಳೆ ಯಾರೂ ಬೆರಳು ತೋರಿಸಬಾರದು.

“ಕೊಂಡ ಬೆಲೆ ಮರೆತುಬಿಡಿ,” ಎಂದೆ. “ಆರು ವರ್ಷ ಆದ್ಮೇಲೆ ಅದಕ್ಕೆ ಅರ್ಥ ಇಲ್ಲ. ಇವತ್ತು ಇದು ಯಾವ ಕೆಲಸ ಮಾಡುತ್ತೆ, ಇಂಥದ್ದೇ ಇನ್ನೊಂದು ಮಾರ್ಕೆಟ್‌ನಲ್ಲಿ ಎಷ್ಟಕ್ಕೆ ಹೋಗ್ತಿದೆ, ಅದ್ರಲ್ಲಿ ನನ್ನ ಖರ್ಚು ಕಳೆದರೆ ಉಳಿಯೋದೇ ಬೆಲೆ.”

“ಕೀಬೋರ್ಡ್‌ಗೆ?”

“ಅಕ್ಷರ ಎಲ್ಲಾ ಅಳಿಸಿಹೋಗಿದೆ. ಅದಕ್ಕೇನೂ ಬರಲ್ಲ.”

“ಅಕ್ಷರ ಅಳಿಸಿದ್ದು ನಾನೇ,” ಎಂದು ನಕ್ಕರು. ನಗುವಾಗ ಅವರು ಪೆನ್ನಿನ ತುದಿಯಿಂದ ತುಟಿಯನ್ನು ಮುಚ್ಚಿಕೊಳ್ಳುತ್ತಾರೆ, ಕಣ್ಣು ಮಾತ್ರ ಸಿಕ್ಕಿಬೀಳುತ್ತದೆ. ಆ ನಗು ಇನ್ನು ಹತ್ತು ದಿನಕ್ಕೆ ಬೇರೆ ಊರಿಗೆ ಹೋಗುತ್ತದೆ. ಕನ್ನಡಕದವರ ಮೇಲೆ ನನಗೆ ಬಹಳ ಹೊಟ್ಟೆಕಿಚ್ಚಾಯಿತು.

ಮೂರು ಸ್ಕ್ರೂ ತೆಗೆದು ನಾಲ್ಕನೆಯದಕ್ಕೆ ಕೈ ಹಾಕಿದಾಗ ನೆನಪಾಯಿತು. ಕೈ ಅಲ್ಲೇ ನಿಂತಿತು.

ಈ ಮಷೀನು ಜೋಡಿಸಿದವನು ನಾನೇ. ಅವತ್ತು ಅವರ ಹತ್ತಿರ ಇದ್ದದ್ದು ಸಾಧಾರಣ ಮಷೀನಿಗೆ ಸಾಲುವಷ್ಟು ದುಡ್ಡು. ಯಾರಿಂದಲೂ ಪುಕ್ಕಟೆ ಏನೂ ತೆಗೆದುಕೊಳ್ಳುವ ಜಾತಿಯಲ್ಲ ಅವರು. ಹಾಗಾಗಿ ಬಿಲ್ಲಿನಲ್ಲಿ ಸಾಧಾರಣ ಪಾರ್ಟುಗಳನ್ನೇ ಬರೆದು, ಒಳಗೆ ನನ್ನ ಅಂಗಡಿಯಲ್ಲಿದ್ದ ಅತ್ಯುತ್ತಮವಾದದ್ದನ್ನು ಹಾಕಿ, ಮುಚ್ಚಳ ಮುಚ್ಚಿಬಿಟ್ಟಿದ್ದೆ. ಕ್ಯಾಬಿನೆಟ್ಟಿನೊಳಗೆ ಯಾರು ತಾನೇ ನೋಡುತ್ತಾರೆ? ಪ್ರೀತಿಯನ್ನು ಯಾರಿಗೂ ಕಾಣದ ಕಡೆ ಇಟ್ಟು, ಅವರಿಗೆ ಯಾವತ್ತಾದರೂ ತಿಳಿಯುತ್ತದೆ ಎಂದು ಕಾದವನು ನಾನು. ನನ್ನಂಥ ದಡ್ಡ ಇನ್ನೊಬ್ಬ ಸಿಗುವುದು ಕಷ್ಟ.

“ಬಿಲ್ಲೂ ತಂದಿದೀನಿ,” ಎಂದರು ಮೇಡಂ. ಮಡಿಕೆ ಬಿಚ್ಚಿ, ಖಾಲಿ ಹಾಳೆಯ ಪಕ್ಕದಲ್ಲಿ ಹರಡಿದರು. ಆರು ವರ್ಷದ ಬಿಲ್ಲಿನ ಒಂದು ಮೂಲೆಯೂ ಮುದುರಿರಲಿಲ್ಲ.

ಅತ್ತ ದರಿ, ಇತ್ತ ಪುಲಿ. ಬಿಲ್ಲಿನಲ್ಲಿದ್ದಂತೆ ಓದಿದರೆ ಅವರಿಗೆ ಸಿಗಬೇಕಾದ ಅರ್ಧ ಬೆಲೆಯನ್ನು ನಾನು ನುಂಗಿದಂತೆ. ಇದ್ದದ್ದನ್ನು ಇದ್ದಂತೆ ಓದಿದರೆ, ಮದುವೆಗೆ ಹತ್ತು ದಿನವಿರುವಾಗ ಹೇಳಬಾರದ್ದನ್ನೆಲ್ಲ ಹೇಳಿದಂತೆ.

ಮುಚ್ಚಳ ತೆಗೆದೆ. ಇದ್ದದ್ದನ್ನೇ ಓದಿದೆ.

ರ‍್ಯಾಮ್ ಓದಿದೆ, ಅವರು ಬರೆದರು. ಡಿಸ್ಕ್ ಓದಿದೆ, ಬರೆದರು. ಪ್ರೊಸೆಸರ್ ಓದಿದೆ, ಬರೆದರು. ಪವರ್ ಸಪ್ಲೈ ಓದುವಷ್ಟರಲ್ಲಿ ಪೆನ್ನು ನಿಂತಿತು. ಎಡಗೈಯ ಬೆರಳು ಬಿಲ್ಲಿನ ಸಾಲಿನ ಮೇಲೆ, ಬಲಗೈಯ ಪೆನ್ನು ಹಾಳೆಯ ಮೇಲೆ. ಕಣ್ಣು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡುತ್ತಿತ್ತು.

“ಬಿಲ್ಲಲ್ಲಿ ರ‍್ಯಾಮ್ ನಾಲ್ಕು ಜಿಬಿ. ನೀವು ಎಂಟು ಅಂದ್ರಿ.”

“ಹೂಂ.”

“ಪ್ರೊಸೆಸರೂ ಬೇರೆ. ಇದೂ ಬೇರೆ. ಡಿಸ್ಕ್ ಒಂದು ಬಿಟ್ಟು ಯಾವುದೂ ತಾಳೆ ಆಗ್ತಿಲ್ಲ.” ತಲೆ ಎತ್ತಿದರು. “ತಪ್ಪು ಬಿಲ್ಲಲ್ಲಿದೆಯೋ, ಮಷೀನಲ್ಲಿದೆಯೋ?”

“ನನ್ನಲ್ಲಿದೆ,” ಎಂದೆ.

ಅವರು ಪೆನ್ನು ಕೆಳಗಿಟ್ಟರು. ಹೊರಗೆ ಯಾರೋ ಶಟರ್ ಎತ್ತುತ್ತಿದ್ದರು.

“ಊರವರ ಪುಸ್ತಕದಲ್ಲೆಲ್ಲ ತಪ್ಪು ಹುಡುಕ್ತೀನಿ. ನನ್ನ ಮೇಜಿನ ಮೇಲಿದ್ದದ್ದನ್ನ ಒಂದಿನಾನೂ ನೋಡ್ಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಂಗೆ.” ಬಿಲ್ಲನ್ನು ನನ್ನ ಕಡೆ ತಿರುಗಿಸಿದರು. “ಆರು ವರ್ಷದಲ್ಲಿ ಒಂದು ಸಲಾನೂ ಹ್ಯಾಂಗ್ ಆಗ್ಲಿಲ್ಲ. ನನ್ನ ಅದೃಷ್ಟ ಅಂದ್ಕೊಂಡಿದ್ದೆ. ಆವತ್ತು ಬಿಲ್ ಕೊಡುವಾಗ ನಾನೇನು ಕೇಳಿದ್ದೆ, ನೆನಪಿದೆಯಾ?”

“ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಅಂದಿದ್ರಿ.”

“ನೀವೇನಂದ್ರಿ?”

“ವ್ಯಾಪಾರ ವ್ಯಾಪಾರಾನೇ, ಒಂದು ಪೈಸೆನೂ ಬಿಡಲ್ಲ ಅಂದೆ.” ಬಿಟ್ಟರೆ ಅನುಮಾನ ಬಂದೀತೆಂದು ಮುಖ ಗಂಟು ಹಾಕಿಕೊಂಡು ಹೇಳಿದ್ದೆ. ಆ ನಾಟಕದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

“ನನಗೆ ಕಮ್ಮಿ ಆಗ್ಬೇಕಿರಲಿಲ್ಲ ರೀ. ನೀವೇನಂತೀರೋ ನೋಡೋಣ ಅಂತ ಕೇಳಿದ್ದು. ಒಂದು ನೂರು ಬಿಟ್ಟಿದ್ರೂ ಸಾಕಿತ್ತು. ಇವ್ರಿಗೆ ನಾನು ಬರೀ ಗಿರಾಕಿ ಅಲ್ಲ ಅಂತ ತಿಳ್ಕೊಂಡು, ಬಾಕಿ ಮಾತು ನಾನೇ ಆಡ್ತಿದ್ದೆ. ಮನೆಗೆ ಹೋಗಿ ಬಿಲ್ ನೋಡ್ಕೊಂಡು ಅತ್ತೆ. ಮತ್ತೆ ಆಸೆ ಹುಟ್ಟಿದಾಗೆಲ್ಲ ಇದನ್ನ ತೆಗೆದು ಓದ್ಕೊಳ್ತಿದ್ದೆ.”

ಬಿಲ್ಲಿನ ಮೂಲೆ ಮುದುರದಂತೆ ಇಟ್ಟದ್ದು ಏಕೆಂದು ಈಗ ತಿಳಿಯಿತು. ನನಗೆ ನನ್ನ ಅಕ್ಷರವನ್ನೇ ನೋಡಲಾಗಲಿಲ್ಲ.

“ಹೋಗ್ಬೇಡಿ,” ಎಂದೆ. ಆರು ವರ್ಷ ಬಾರದಿದ್ದ ಮಾತು ಎಷ್ಟು ಸುಲಭವಾಗಿ ಬಂತು.

ಅವರು ತಲೆಯಾಡಿಸಿದರು. “ಅವ್ರು ಎರಡನೇ ಭೇಟಿಯಲ್ಲೇ ಕೇಳಿದ್ರು. ಅಮ್ಮನ ಎದುರಿಗೇ, ಬೆವರು ಒರೆಸ್ಕೊಂಡು, ತೊದಲ್ತಾ. ಬಾಯಿ ಬಿಟ್ಟು ಕೇಳಿದವರಿಗೆ ನಾನು ಮನಸಾರೆ ಹೂಂ ಅಂದಿದೀನಿ. ಅವ್ರದ್ದೇನೂ ತಪ್ಪಿಲ್ಲ.”

“ಇಲ್ಲ.”

“ಒಳ್ಳೆಯವ್ರು.”

“ಗೊತ್ತಾಗ್ತಿದೆ,” ಎಂದೆ. ಕನ್ನಡಕದವರು ಸ್ವಲ್ಪವಾದರೂ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು.

ಬೆಲೆ ಕಟ್ಟಲು ಕುಳಿತೆ. ಮಾನಿಟರಿಗೆ ಇಷ್ಟು, ಮದರ್‌ಬೋರ್ಡಿಗೆ, ರ‍್ಯಾಮಿಗೆ ಇಷ್ಟು. ಕೂಡಿಸಿದರೆ ಹನ್ನೊಂದೂವರೆ ಸಾವಿರ.

“ಬಿಲ್ಲಲ್ಲಿದ್ದ ಪಾರ್ಟೇ ಇದ್ದಿದ್ರೆ?”

“ಆರು.”

“ಹಾಗಾದ್ರೆ ಆರು ನನ್ನದು. ಉಳಿದದ್ದು ನಿಮ್ಮದು.”

“ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋ ಅಭ್ಯಾಸ ನನಗಿಲ್ಲ, ಮೇಡಂ. ಈ ಸಲವಾದ್ರೂ ನನ್ನ ಎದುರಿಗೇ ತಗೊಳ್ಳಿ.”

ಹನ್ನೊಂದೂವರೆ ಸಾವಿರ ಎಣಿಸಿ ಮುಂದಿಟ್ಟೆ. ಮೇಡಂ ದುಡ್ಡನ್ನು ಎಣಿಸದೆ ಚೀಲಕ್ಕೆ ಹಾಕಿಕೊಂಡರು.

ಇನ್ನು ಉಳಿದದ್ದು ಡಿಸ್ಕ್. ಮಾರುವ ಮುಂಚೆ ಅದರಲ್ಲಿದ್ದದ್ದನ್ನೆಲ್ಲ ಅಳಿಸಬೇಕು, ಅದೂ ಒಡೆಯರ ಎದುರಿಗೇ.

“ಬೇಕಾದ್ದೆಲ್ಲ ಕಾಪಿ ಮಾಡ್ಕೊಂಡ್ರಾ?”

“ಆಗಿದೆ. ಎಷ್ಟು ಹೊತ್ತು ಹಿಡಿಯುತ್ತೆ?”

“ನಲವತ್ತು ನಿಮಿಷ,” ಎಂದೆ. ಒಂದು ನಿಮಿಷದಲ್ಲಿ ಮುಗಿಸುವ ದಾರಿಯೂ ಇದೆ. ಅದನ್ನು ಹೇಳಲಿಲ್ಲ. ನಲವತ್ತು ನಿಮಿಷ ಅವರನ್ನು ನೋಡುವುದು ಬಿಟ್ಟರೆ ನನ್ನ ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ.

ಅವರು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕದಲ್ಲಿ ಕುಳಿತರು. ಪರದೆಯ ಮೇಲೆ ಹಸಿರು ಗೆರೆ ನಿಧಾನವಾಗಿ ಬೆಳೆಯಿತು. ಒಬ್ಬ ಗಿರಾಕಿ ಇಣುಕಿದ. ಮಧ್ಯಾಹ್ನ ಬನ್ನಿ ಎಂದು ಕಳಿಸಿದೆ.

“ಗಿರಾಕಿನ ಓಡಿಸ್ತಿದೀರಲ್ಲ, ವ್ಯಾಪಾರ ವ್ಯಾಪಾರಾನೇ ಅಲ್ವಾ?” ಕೊಂಕು ನೋಟ ಬೀರಿದರು. ಆ ಕಣ್ಣಂಚಿನಲ್ಲಿ ನೀರಿತ್ತು.

“ಇವತ್ತು ರಜಾ,” ಎಂದೆ.

ಆಮೇಲೆ ಹೆಚ್ಚು ಮಾತಾಡಲಿಲ್ಲ. ಅವರ ಹೊಸ ಊರಿನಲ್ಲಿ ನೀರು ಹೇಗೆ, ಅಮ್ಮನ ಮಂಡಿನೋವು ಹೇಗಿದೆ, ಹೀಗೆ ನಾಲ್ಕು ಮಾತು. ಶೇಕಡಾ ಅರವತ್ತು ಆದಾಗ ಅವರ ಮೊಣಕೈ ನನ್ನ ಮೊಣಕೈಗೆ ತಾಗಿತು. ಇಬ್ಬರೂ ಸರಿಸಲಿಲ್ಲ. ನೂರು ಆಗುವವರೆಗೂ ಹಾಗೇ ಕುಳಿತಿದ್ದೆವು.

ಗೆರೆ ಮುಗಿಯಿತು. ಪರದೆ ಖಾಲಿಯಾಯಿತು. ಅವರು ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು, ಬಾಗಿಲವರೆಗೆ ಹೋದರು.

“ರಿಪೇರಿಯವ್ರೇ.”

“ಹೇಳಿ.”

“ಒಂದೇ ನಿಮಿಷದಲ್ಲಿ ಅಳಿಸೋಕೆ ಬರುತ್ತೆ ಅಂತ ನನಗೂ ಗೊತ್ತಿತ್ತು.”

ತಿರುಗಿ ನೋಡದೆ ಮೆಟ್ಟಿಲಿಳಿದು ಹೋದರು.